ಬಾಂದುಕಲ್ಲಿಲ್ಲದ ಗೆರೆ

ಹೊಲದ ಅಂಚಿನಲ್ಲಿ ನೆಟ್ಟ ಬಾಂದುಕಲ್ಲನ್ನು ಒಂದು ಗೇಣು ಅತ್ತ ಸರಿಸಿದರೂ ಸಾಕು, ಅಣ್ಣತಮ್ಮಂದಿರು ಮಾತು ಬಿಡುತ್ತಾರೆ; ಮಾತು ಬಿಟ್ಟವರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ; ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಬರುತ್ತದೆ. ಇದು ಹಳ್ಳಿಗಾಡಿನ ಹಳೆಯ ಕಥೆ. ಆದರೂ ಬಾಂದುಕಲ್ಲು ಕಣ್ಣಿಗೆ ಕಾಣುವ ವಸ್ತು. ಅದನ್ನು ಮುಟ್ಟಬಹುದು, ಅದರ ಮೇಲೆ ಕುಳಿತು ಎಲೆಅಡಕೆ ಹಾಕಿಕೊಳ್ಳಬಹುದು. ಕಣ್ಣಿಗೆ ಕಾಣದ, ಕಾಲಿಗೆ ಎಡವದ, ಕಾಗದದ ಮೇಲೆ ಮಾತ್ರ ಬದುಕಿರುವ ಗೆರೆಯೊಂದು ವಿದ್ಯಾವಂತರೂ ಸಭ್ಯರೂ ಆದ ಸಾವಿರಾರು ಸಂಸಾರಗಳ ನಿದ್ರೆಗೆಡಿಸಬಲ್ಲುದೆಂದರೆ ನಂಬುವುದು ಕಷ್ಟ. ಆದರೆ ಅಂತಹ ಗೆರೆಯೂ ಉಂಟು. ಅದನ್ನು ಕಾಣಬೇಕಾದರೆ ಅಮೆರಿಕಕ್ಕೆ ಹೋಗಬೇಕು.

ಆ ದೇಶದ ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲ. ಪ್ರವೇಶಕ್ಕಾಗಿ ಯಾರ ಶಿಫಾರಸೂ ಬೇಡ, ಯಾರ ಮನೆಯ ಬಾಗಿಲನ್ನೂ ಕಾಯಬೇಕಾಗಿಲ್ಲ. ಮಗು ಯಾವ ಶಾಲೆಗೆ ಹೋಗತಕ್ಕದ್ದೆಂಬುದನ್ನು ಬಹುಮಟ್ಟಿಗೆ ಮನೆಯ ವಿಳಾಸವೇ ಗೊತ್ತುಮಾಡುತ್ತದೆ. ಪ್ರತಿಯೊಂದು ಶಾಲೆಗೂ ಒಂದು ಎಲ್ಲೆ. ಆ ಎಲ್ಲೆಯೊಳಗಿನ ಮಕ್ಕಳೆಲ್ಲ ಆ ಶಾಲೆಗೆ. ಏರ್ಪಾಡು ಎಷ್ಟು ಸರಳ! ಆದರೆ ಮನುಷ್ಯನ ಬುದ್ಧಿ ಸರಳವಾದುದನ್ನು ಸರಳವಾಗಿ ಇರಗೊಡುವುದಿಲ್ಲ. ಹೆಸರಾದ ಶಾಲೆಯ ಎಲ್ಲೆಯೊಳಗೆ ಮನೆ ಬೇಕೆಂದು ಎಲ್ಲರೂ ಬಯಸುತ್ತಾರೆ. ಬಯಸಿದಷ್ಟೂ ಅಲ್ಲಿಯ ಮನೆಗಳ ಬೆಲೆ ಏರುತ್ತದೆ. ಬೆಲೆ ಏರಿದಷ್ಟೂ ಅಲ್ಲಿ ಉಳ್ಳವರೇ ನೆಲೆಸುತ್ತಾರೆ. ಉಳ್ಳವರ ಮಕ್ಕಳು ಸೇರಿದಷ್ಟೂ ಶಾಲೆಯ ಹೆಸರು ಇನ್ನೂ ಮೇಲೇರುತ್ತದೆ. ಶಾಲೆಯ ಬಾಗಿಲಲ್ಲಿ ಕೊಡದ ಶುಲ್ಕವನ್ನು ಮನೆ ಮಾರುವವನ ಕೈಯಲ್ಲಿ ಕೊಟ್ಟಂತಾಯಿತು. ಇಷ್ಟನ್ನೂ ಕೊಟ್ಟು ಮುಗಿಸಿದ ಮೇಲೆ ಒಂದು ದಿನ ಆ ಗೆರೆಯೇ ಸರಿದರೆ?

ಮೇರಿಲ್ಯಾಂಡ್ ರಾಜ್ಯದ ಹೋವರ್ಡ್ ಕೌಂಟಿಯಲ್ಲಿ 2019ನೆಯ ಇಸವಿಯಲ್ಲಿ ನಡೆದದ್ದು ಅದೇ. ಕೌಂಟಿಯೆಂದರೆ ಹೆಚ್ಚುಕಡಮೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ. ಇದು ವಾಷಿಂಗ್ಟನ್ ನಗರಕ್ಕೂ ಬಾಲ್ಟಿಮೋರ್ ನಗರಕ್ಕೂ ನಡುವೆ ಇದೆ; 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 3 ಲಕ್ಷ 32 ಸಾವಿರ. ಸರ್ಕಾರಿ ಕಚೇರಿಗಳಲ್ಲಿ, ಪ್ರಯೋಗಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಕೆಲಸಮಾಡುವ ವಿದ್ಯಾವಂತರ ಊರು. ಆ ದೇಶದ ಶ್ರೀಮಂತ ಕೌಂಟಿಗಳ ಪಟ್ಟಿಯಲ್ಲಿ ಅದರ ಹೆಸರು ಮೇಲುಸಾಲಿನಲ್ಲೇ ಇರುತ್ತದೆ. ಮೇರಿಲ್ಯಾಂಡಿನಲ್ಲಿ ಒಂದೊಂದು ಕೌಂಟಿಗೂ ಒಂದೇ ಶಾಲಾಡಳಿತ. ಹೋವರ್ಡಿನಲ್ಲಿ ಎಲ್ಲ ಶಾಲೆಗಳೂ ಒಂದೇ ಮಂಡಲಿಯ ಅಧೀನ, ಎಲ್ಲಕ್ಕೂ ಒಂದೇ ಆಯವ್ಯಯ. ಆದರೂ ಶಾಲೆ ಶಾಲೆಗೂ ಅಂತರ ಉಂಟಾಗಿತ್ತು. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಈ ಕೌಂಟಿಯಲ್ಲಿ ಭಾರತೀಯರು ಬಹಳ ಮಂದಿ, ಕನ್ನಡಿಗರೂ ಉಂಟು. ಅಂತಹ ಮನೆಗಳಲ್ಲಿ ಒಂದನ್ನು ಮಾದರಿಗೆಂದು ಕಲ್ಪಿಸಿಕೊಳ್ಳೋಣ. ಹೆಸರು ಬೇಡ; ಆ ಬೀದಿಯ ಹತ್ತು ಬಾಗಿಲುಗಳಲ್ಲಿ ಯಾವುದನ್ನು ತಟ್ಟಿದರೂ ಇದೇ ಕಥೆ ಹೊರಬಿದ್ದೀತು. ಗಂಡ ಹೆಂಡತಿ ಇಬ್ಬರೂ ಇಂಜಿನಿಯರುಗಳು. ಎರಡು ಪೆಟ್ಟಿಗೆಗಳೊಡನೆ ಬಂದಿಳಿದವರು. ಬಾಡಿಗೆಮನೆಯಲ್ಲಿ ಎಂಟು ವರ್ಷ, ಪರವಾನೆಯ ಕಾಗದಗಳಿಗಾಗಿ ಕಾಯುತ್ತ ಇನ್ನಷ್ಟು ವರ್ಷ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಈ ದಂಪತಿಗಳು ಮನೆ ಕಟ್ಟಲಿಲ್ಲ, ಕೊಂಡರು. ಆದರೆ ಕೊಳ್ಳುವ ಮುನ್ನ ಅಡುಗೆಮನೆಯನ್ನಾಗಲಿ ಸೂರನ್ನಾಗಲಿ ನೋಡಲಿಲ್ಲ, ಶಾಲೆಯ ನಕ್ಷೆಯನ್ನು ನೋಡಿದರು. ಗೆರೆಯ ಆಚೆ ಇನ್ನೂ ದೊಡ್ಡ ಮನೆ ಇನ್ನೂ ಕಡಮೆ ಬೆಲೆಗೆ ಇತ್ತು. ಅದನ್ನು ಬಿಟ್ಟು ಈಚೆಯದನ್ನು ಹಿಡಿದರು. ಮೂವತ್ತು ವರ್ಷದ ಸಾಲ. ಮಗಳು ಆಗ ಮೂರನೆಯ ತರಗತಿ; ಮಗ ಇನ್ನೂ ತೊಟ್ಟಿಲ ಹೊರಗೆ ಕಾಲಿಡುತ್ತಿದ್ದ ಮಗು. ಅವರಿಬ್ಬರೂ ಓದಬೇಕಾದ ಹೈಸ್ಕೂಲಿನ ಹೆಸರು ಅಂದೇ ನಿಶ್ಚಯವಾಗಿಬಿಟ್ಟಿತ್ತು.

2019ರ ಆಗಸ್ಟ್ ತಿಂಗಳಲ್ಲಿ ಶಾಲೆಗಳ ಸೂಪರಿಂಟೆಂಡೆಂಟರು ಹೊಸ ಎಲ್ಲೆಗಳ ಯೋಜನೆಯನ್ನು ಮುಂದಿಟ್ಟರು. ಅದರಂತೆ ಸುಮಾರು 7,400 ಮಕ್ಕಳು ಒಂದು ಶಾಲೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕಾಗಿತ್ತು. ಕೌಂಟಿಯ ಶಾಲೆಗಳಲ್ಲಿ ಒಟ್ಟು ಓದುತ್ತಿದ್ದವರು ಐವತ್ತೆಂಟು ಐವತ್ತೊಂಬತ್ತು ಸಾವಿರ; ಎಂದರೆ ಎಂಟು ಮಕ್ಕಳಲ್ಲಿ ಒಬ್ಬರ ಸ್ಥಾನಪಲ್ಲಟ. ಅದಕ್ಕೆ ಕಾರಣಗಳು ಎರಡು. ಮೊದಲನೆಯದು ಸ್ಥಳದ ಪ್ರಶ್ನೆ: ಹೊಸ ಬಡಾವಣೆಗಳು ಎದ್ದ ಕಡೆ ಶಾಲೆಗಳು ತುಂಬಿ ತುಳುಕುತ್ತಿದ್ದುವು, ಅಂಗಳದಲ್ಲಿ ತಾತ್ಕಾಲಿಕ ಕೊಠಡಿಗಳು ನಿಂತಿದ್ದುವು, ಹಳೆಯ ಬಡಾವಣೆಗಳ ಕೆಲವು ಶಾಲೆಗಳಲ್ಲಿ ಬೆಂಚುಗಳು ಖಾಲಿ. ಇದನ್ನು ಯಾರೂ ಅಲ್ಲಗಳೆಯಲಿಲ್ಲ. ಎರಡನೆಯ ಕಾರಣವೇ ಕಿಡಿ ಹೊತ್ತಿಸಿದ್ದು. ಬಡ ಮನೆಗಳ ಮಕ್ಕಳು ಕೆಲವೇ ಶಾಲೆಗಳಲ್ಲಿ ಕಿಕ್ಕಿರಿದಿದ್ದಾರೆ, ಆ ಹೊರೆಯನ್ನು ಎಲ್ಲ ಶಾಲೆಗಳೂ ಹಂಚಿಕೊಳ್ಳಬೇಕು ಎಂಬುದು ಅದು.

ಆ ದೇಶದಲ್ಲಿ ಶಾಲೆಯ ಬಡತನವನ್ನು ಅಳೆಯಲು ಒಂದು ಅಳತೆಗೋಲಿದೆ: ಮಧ್ಯಾಹ್ನದ ಊಟ. ಸರ್ಕಾರವು ಗೊತ್ತುಮಾಡಿದ ಬಡತನದ ರೇಖೆಗೆ ನೂರಕ್ಕೆ 130ರಷ್ಟರ ಒಳಗೆ ವರಮಾನವಿರುವ ಸಂಸಾರದ ಮಗುವಿಗೆ ಊಟ ಉಚಿತ. 185ರಷ್ಟರ ಒಳಗಿದ್ದರೆ ಕಡಮೆ ಬೆಲೆಗೆ. ರಿವರ್ ಹಿಲ್ ಎಂಬ ಹೈಸ್ಕೂಲಿನಲ್ಲಿ ಇಂತಹ ಮಕ್ಕಳು ನೂರಕ್ಕೆ ಐವರೂ ಇರಲಿಲ್ಲ. ಅಲ್ಲಿಂದ ಕೆಲವೇ ಮೈಲಿ ದೂರದ ವೈಲ್ಡ್ ಲೇಕ್ ಹೈಸ್ಕೂಲಿನಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು. ಎರಡಕ್ಕೂ ಒಂದೇ ಮಂಡಲಿ, ಒಂದೇ ಪಠ್ಯಕ್ರಮ, ಒಂದೇ ಸಂಬಳದ ಮೇಷ್ಟರು. ನಡುವೆ ಇದ್ದುದು ಅದೇ ಕಾಗದದ ಗೆರೆ.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಈ ಎರಡು ಶಾಲೆಗಳ ಹೆಸರೂ ಕೊಲಂಬಿಯ ಎಂಬ ಊರಿನ ಬಡಾವಣೆಗಳ ಹೆಸರು. ಕೊಲಂಬಿಯವನ್ನು ಜೇಮ್ಸ್ ರೌಸ್ ಎಂಬ ಉದ್ಯಮಿ 1967ರಲ್ಲಿ ಸ್ಥಾಪಿಸಿದಾಗ ಅವರಿಗೆ ಒಂದು ಕನಸಿತ್ತು: ಕರಿಯರೂ ಬಿಳಿಯರೂ, ಉಳ್ಳವರೂ ಇಲ್ಲದವರೂ ಒಂದೇ ಬೀದಿಯಲ್ಲಿ ನೆರೆಹೊರೆಯಾಗಿ ಬಾಳಬೇಕು. ಅದಕ್ಕಾಗಿ ಬಂಗಲೆಗಳ ಹತ್ತಿರವೇ ಬಾಡಿಗೆಯ ಸಣ್ಣ ಮನೆಗಳನ್ನೂ ಕಟ್ಟಿಸಿದರು. ನಾನಾ ಮತಗಳವರು ಒಂದೇ ಸೂರಿನಡಿ ಪ್ರಾರ್ಥಿಸಲು ಮಂದಿರಗಳನ್ನು ಏರ್ಪಡಿಸಿದರು. ಮನೆಮನೆಗೂ ಬೇರೆಬೇರೆ ಅಂಚೆಪೆಟ್ಟಿಗೆ ಬೇಡವೆಂದು, ಬೀದಿಗೊಂದು ಕಡೆ ಎಲ್ಲರ ಪೆಟ್ಟಿಗೆಗಳನ್ನೂ ಒಟ್ಟಿಗೆ ಇಡಿಸಿದರು. ಕಾಗದ ತರಲು ಬಂದಾಗಲಾದರೂ ಜನ ಒಬ್ಬರ ಮುಖವನ್ನೊಬ್ಬರು ನೋಡಲಿ ಎಂದು! ವೈಲ್ಡ್ ಲೇಕ್ ಆ ಊರಿನ ಮೊದಲ ಬಡಾವಣೆ. ರಿವರ್ ಹಿಲ್ ಕೊನೆಯದು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಕನಸು ಎಲ್ಲಿಯೋ ತೆಳುವಾಗಿತ್ತು. ಬಡಾವಣೆಗಳು ಹಳತಾದಂತೆ ಅನುಕೂಲವುಳ್ಳವರು ಹೊಸ ಕಡೆಗೆ ಸರಿದಿದ್ದರು.

ಕಲ್ಪಿಸಿಕೊಂಡ ಮನೆಗೆ ಹಿಂದಿರುಗೋಣ. ಯೋಜನೆ ಹೊರಬಿದ್ದ ದಿನ ರಾತ್ರಿ ಆ ಮನೆಯಲ್ಲಿ ಹನ್ನೆರಡಾದರೂ ದೀಪ ಆರಲಿಲ್ಲ. ಶಾಲಾಡಳಿತದವರು ಇಡೀ ಕೌಂಟಿಯನ್ನು ಸಣ್ಣ ಸಣ್ಣ ತುಂಡುಗಳನ್ನಾಗಿ ಕತ್ತರಿಸಿ, ಅವಕ್ಕೆ 'ಪಾಲಿಗನ್' ಎಂದು ಹೆಸರಿಟ್ಟು, ಒಂದೊಂದಕ್ಕೆ ಒಂದೊಂದು ಸಂಖ್ಯೆ ಕೊಟ್ಟಿದ್ದರು. ರೇಖಾಗಣಿತದ ಬಹುಭುಜಾಕೃತಿಗೆ ಇಂತಹ ಭಾಗ್ಯ ಹಿಂದೆಂದೂ ಬಂದಿರಲಾರದು. ಊರಿಗೆ ಊರೇ ಆ ಸಂಖ್ಯೆಗಳಲ್ಲಿ ಮಾತನಾಡತೊಡಗಿತು. ಹತ್ತು ವರ್ಷ ಎದುರುಬದುರು ಬಾಳಿದವರು, ನಡುವಣ ರಸ್ತೆಯೇ ಪಾಲಿಗನ್ನಿನ ಅಂಚೆಂದು ಆ ರಾತ್ರಿ ಅರಿತುಕೊಂಡರು. ಎದುರುಮನೆಯ ಹುಡುಗಿ ಹಳೆಯ ಶಾಲೆಗೆ. ಈ ಮನೆಯ ಹುಡುಗಿ ಗೆರೆಯಾಚೆಯ ಇನ್ನೊಂದು ಶಾಲೆಗೆ. ಆಗ ಆಕೆ ಎಂಟನೆಯ ತರಗತಿ. ಮುಂದಿನ ವರ್ಷವೇ ಹೈಸ್ಕೂಲು.

"ಇಷ್ಟು ವರ್ಷ ಸಾಲ ಕಟ್ಟಿದ್ದು ಇದಕ್ಕೇನು, ರೀ?" ಎಂದು ತಾಯಿ ಕೇಳಿದಳು. ತಂದೆ ಉತ್ತರ ಹೇಳಲಿಲ್ಲ. ನಕ್ಷೆಯನ್ನು ಹಿಗ್ಗಿಸಿ ನೋಡಿದ, ಕುಗ್ಗಿಸಿ ನೋಡಿದ. ಹಿಗ್ಗಿಸಿದರೂ ಕುಗ್ಗಿಸಿದರೂ ಗೆರೆ ಅಲ್ಲಿಯೇ ಇತ್ತು.

ಮುಂದಿನ ಮೂರು ತಿಂಗಳು ಕೌಂಟಿಗೆ ಜ್ವರ ಬಂದಂತಾಯಿತು. ಮಂಡಲಿಯ ಮುಂದೆ ರಾತ್ರಿಯವರೆಗೂ ಅಹವಾಲು ಸಭೆಗಳು. ನೂರಾರು ಮಂದಿ ಸರದಿಗೆ ಹೆಸರು ಬರೆಸಿ, ತಮಗೆ ದೊರೆತ ಕೆಲವೇ ನಿಮಿಷಗಳಲ್ಲಿ ತಮ್ಮ ತಮ್ಮ ಪಾಲಿಗನ್ನಿನ ಸಂಖ್ಯೆ ಹೇಳಿ ದೂರಿಕೊಂಡರು. ಫಲಕ ಹಿಡಿದು ಮೆರವಣಿಗೆ ಹೊರಟವರಲ್ಲಿ ಬಿಳಿಯರೂ ಚೀನ, ಕೊರಿಯ, ಭಾರತ ಮೂಲದವರೂ ಬಹಳ ಮಂದಿ. ಯೋಜನೆಯ ಪರವಾಗಿಯೂ ಜನ ನಿಂತರು. ಕೌಂಟಿ ಸಭೆಯ ಮೂವರು ಸದಸ್ಯರು ಶಾಲೆಗಳಲ್ಲಿ ಮಕ್ಕಳು ಬೆರೆಯುವಂತೆ ಮಾಡಬೇಕೆಂದು ನಿರ್ಣಯವೊಂದನ್ನು ಮಂಡಿಸಿದರು. ಇಷ್ಟೂ ನಡೆದುದು ಎಂತಹ ಊರಿನಲ್ಲಿ? 2006ರಲ್ಲಿ ಅಲ್ಲಿಯ ಗ್ರಂಥಾಲಯದವರು ಸೌಜನ್ಯದ ಪ್ರಚಾರಕ್ಕೆಂದು ಒಂದು ಚಳವಳಿ ಆರಂಭಿಸಿದ್ದರು. 'ಸೌಜನ್ಯವನ್ನೇ ಆರಿಸಿಕೊಳ್ಳಿ' ಎಂಬ ಅರ್ಥದ ಹಸುರು ಬಿಲ್ಲೆ ಊರಿನ ಕಾರುಗಳ ಬೆನ್ನಿಗೆ ಅಂಟಿಕೊಂಡಿತ್ತು. ಆ ಬಿಲ್ಲೆ ಹೊತ್ತ ಕಾರುಗಳೇ ಈಗ ಸಭೆಗಳ ಹೊರಗೆ ಸಾಲುಗಟ್ಟಿ ನಿಂತುವು. ಒಳಗಿನ ಮಾತಿನಲ್ಲಿ ಸೌಜನ್ಯ ದಿನದಿನಕ್ಕೂ ಕೃಶವಾಗುತ್ತಿತ್ತು.

ತಂದೆತಾಯಿಗಳ ದೂರು ಕೇವಲ ಹಟವೆಂದು ತಳ್ಳಿಹಾಕುವಂತಿರಲಿಲ್ಲ. ನಡೆದು ಹೋಗುವಷ್ಟು ಹತ್ತಿರ ಶಾಲೆಯಿದ್ದ ಮಗು ಬಸ್ಸು ಹಿಡಿದು ದೂರದ ಶಾಲೆಗೆ ಏಕೆ ಹೋಗಬೇಕು? ಅಮೆರಿಕದ ಹೈಸ್ಕೂಲಿಗೆ ಬೆಳಗಿನ ಗಂಟೆ ಬೇಗನೆ ಹೊಡೆಯುತ್ತದೆ. ಬಸ್ಸಿನ ದಾರಿ ಬೆಳೆದಷ್ಟೂ ಮಗುವಿನ ನಿದ್ರೆ ಕುಗ್ಗುತ್ತದೆ. ಸಂಜೆ ಆಟಕ್ಕೆಂದೋ ಸಂಗೀತಕ್ಕೆಂದೋ ಉಳಿದುಕೊಂಡರೆ ಕರೆತರುವವರು ಯಾರು? ಐದು ವರ್ಷದಿಂದ ಜೊತೆಗೂಡಿ ಬೆಳೆದ ಗೆಳತಿಯರನ್ನು ಹದಿಮೂರರ ವಯಸ್ಸಿನಲ್ಲಿ ಅಗಲಿಸುವುದು ಸಣ್ಣ ಮಾತೆ? ಕೆಲವು ಸಂಸಾರಗಳು ಹಿಂದೆಯೂ ಇಂತಹ ಬದಲಾವಣೆಗೆ ಸಿಕ್ಕಿದ್ದುವು. ಬಡ ಮಕ್ಕಳನ್ನು ಈ ಶಾಲೆಯಿಂದ ಆ ಶಾಲೆಗೆ ಸಾಗಿಸಿದ ಮಾತ್ರಕ್ಕೆ ಅವರ ಪಾಠ ಮುಂದುವರಿದೀತೆ, ಇದ್ದಲ್ಲಿಯೇ ಹೆಚ್ಚು ಉಪಾಧ್ಯಾಯರನ್ನು ಕೊಡಬಾರದೆ ಎಂದೂ ಕೇಳಿದರು. ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ಪ್ರಶ್ನೆಗಳ ಅಡಿಯಲ್ಲಿ, ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಮನೆಯ ಅಡುಗೆಯ ಮೇಜಿನ ಬಳಿ ಮಾತ್ರ ಕೇಳಿಬರುವ ಇನ್ನೆರಡು ಮಾತುಗಳಿದ್ದುವು. ಒಂದು, ಮನೆಯ ಬೆಲೆ ಇಳಿದೀತು ಎಂಬುದು. ಇನ್ನೊಂದು, ಅಲ್ಲಿಯ ಮಕ್ಕಳ ಸಹವಾಸ ಎಂತಹುದೋ ಎಂಬುದು.

ಈ ಎರಡನೆಯ ಮಾತಿಗೆ ಆ ದೇಶದಲ್ಲಿ ಉದ್ದವಾದ ಚರಿತ್ರೆಯಿದೆ. ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆಬೇರೆ ಶಾಲೆಗಳನ್ನು ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತಿತು. ಹೋವರ್ಡ್ ಕೌಂಟಿಯಲ್ಲಿ ಕರಿಯ ಮಕ್ಕಳಿಗೆಂದೇ ಹ್ಯಾರಿಯೆಟ್ ಟಬ್‌ಮನ್ ಎಂಬ ವೀರಮಹಿಳೆಯ ಹೆಸರಿನ ಹೈಸ್ಕೂಲೊಂದು 1949ರಲ್ಲಿ ತೆರೆದಿತ್ತು. ತೀರ್ಪು ಬಂದ ಮೇಲೂ ಹನ್ನೊಂದು ವರ್ಷ ಅದು ಹಾಗೆಯೇ ನಡೆದು 1965ರಲ್ಲಿ ಮುಚ್ಚಿತು. 1971ರಲ್ಲಿ ಅದೇ ನ್ಯಾಯಾಲಯ ಮಕ್ಕಳನ್ನು ಬೆರೆಸುವುದಕ್ಕಾಗಿ ಬಸ್ಸುಗಳಲ್ಲಿ ದೂರದ ಶಾಲೆಗೆ ಕರೆದೊಯ್ಯಬಹುದೆಂದಿತು. 2007ರಲ್ಲಿ ಮಗುವಿನ ಜನಾಂಗವನ್ನು ನೋಡಿ ಶಾಲೆ ಗೊತ್ತುಮಾಡುವುದಕ್ಕೆ ತಡೆ ಹಾಕಿತು. ಅಂದಿನಿಂದ ಶಾಲಾಡಳಿತಗಳು ಬಣ್ಣದ ಬದಲು ಬಡತನವನ್ನು, ಎಂದರೆ ಮಧ್ಯಾಹ್ನದ ಊಟದ ಪಟ್ಟಿಯನ್ನು, ಕೈಗೆತ್ತಿಕೊಂಡುವು. ಈ ಚರಿತ್ರೆಯಲ್ಲಿ ಭಾರತದಿಂದ ಬಂದವರಿಗೆ ಪಾಲಿಲ್ಲ. "ಯಾರೋ ಮಾಡಿದ ತಪ್ಪಿಗೆ ನಮ್ಮ ಮಕ್ಕಳು ಏಕೆ ದಂಡ ತೆರಬೇಕು?" ಎಂದು ಅವರು ಕೇಳಿದರೆ ಮೊದಲ ಕಿವಿಗೆ ನ್ಯಾಯವೆಂದೇ ತೋರುತ್ತದೆ. ಆದರೆ ಕೊಂಡ ಮನೆಯ ಜೊತೆಗೆ ಅದರ ನೆರೆಯೂ ಬರುತ್ತದೆ. ನೆರೆಯ ಜೊತೆಗೆ ಅದರ ಹಳೆಯ ಲೆಕ್ಕವೂ ಬರುತ್ತದೆ. ಮಾರಾಟದ ಪತ್ರದಲ್ಲಿ ಅದನ್ನು ಯಾರೂ ಬರೆದಿರುವುದಿಲ್ಲ, ಅಷ್ಟೆ.

ಆ ಶರತ್ಕಾಲದಲ್ಲಿ ಮನೆಗೆ ಮೈಸೂರಿನಿಂದ ಅಜ್ಜಿ ಬಂದಿದ್ದರು. ಹುಡುಗಿಯ ತಂದೆಯ ತಾಯಿ. ಆರು ತಿಂಗಳ ವಾಸ. ಮೊದಮೊದಲು ಅವರಿಗೆ ಈ ಗಲಭೆಯ ತಲೆಬುಡ ತಿಳಿಯಲಿಲ್ಲ. ಮಗ ಸೊಸೆ ಊಟದ ಹೊತ್ತಿನಲ್ಲಿಯೂ ಸಂಖ್ಯೆಗಳನ್ನೇ ಹೇಳುತ್ತಿದ್ದರೆ ಯಾವುದೋ ಲಾಟರಿಯ ವಿಷಯವೆಂದುಕೊಂಡಿದ್ದರು. ಒಂದು ದಿನ ಸೊಸೆಯನ್ನು ಕೇಳಿದರು:

"ಆ ಇನ್ನೊಂದು ಶಾಲೆಯಲ್ಲಿ ಮೇಷ್ಟರು ಇಲ್ಲವೇನಮ್ಮ?"

"ಇದ್ದಾರೆ, ಅತ್ತೆ."

"ಕಟ್ಟಡ ಬಿದ್ದುಹೋಗಿದೆಯೆ?"

"ಇಲ್ಲ, ಚೆನ್ನಾಗಿಯೇ ಇದೆ. ಇದು ಹಾಗಲ್ಲ, ಅತ್ತೆ. ಇಲ್ಲಿಯ ವಿಷಯ ನಿಮಗೆ ತಿಳಿಯುವುದಿಲ್ಲ. ಅಲ್ಲಿಯ ಅಂಕಗಳು ಕಡಮೆ."

"ಹಾಗಾದರೆ ಈಗ ಅಲ್ಲಿ ಓದುತ್ತಿರುವ ಮಕ್ಕಳ ಗತಿಯೇನು?"

ಸೊಸೆ ಸುಮ್ಮನಾದಳು. ಅಜ್ಜಿಯವರ ಧ್ವನಿಯಲ್ಲಿ ಕೊಂಕಿರಲಿಲ್ಲ. ಪುರಸಭೆಯ ಶಾಲೆಯಲ್ಲಿ ಚಾಪೆಯ ಮೇಲೆ ಕುಳಿತು ಅಕ್ಷರ ಕಲಿತ ಹೆಂಗಸು ಸಹಜವಾಗಿ ಕೇಳಿದ ಪ್ರಶ್ನೆ. ಆದರೆ ಕೊಂಕಿದ್ದರೇ ಚೆನ್ನಾಗಿತ್ತು, ಜಗಳವಾಡಿ ಮರೆಯಬಹುದಾಗಿತ್ತು.

ತಾಯಿಯೂ ಅಹವಾಲು ಸಭೆಗೆ ಹೆಸರು ಬರೆಸಿದ್ದಳು. ಹೇಳಬೇಕಾದ ಮಾತುಗಳನ್ನು ಮೂರು ರಾತ್ರಿ ಕುಳಿತು ಬರೆದು, ಗಡಿಯಾರ ಇಟ್ಟುಕೊಂಡು ಓದಿ ಅಭ್ಯಾಸ ಮಾಡುತ್ತಿದ್ದಳು. ಹುಡುಗಿ ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದಳು. ಬಸ್ಸಿನ ದೂರ, ನಿದ್ರೆ, ಗೆಳತಿಯರು, ಎಲ್ಲ ಆಯಿತು. ಕೊನೆಗೆ ಒಂದು ವಾಕ್ಯ ಬಂತು. ನಿಮ್ಮ ಪ್ರಯೋಗಕ್ಕೆ ನಮ್ಮ ಮಕ್ಕಳನ್ನು ಬಲಿ ಕೊಡಬೇಡಿ ಎಂಬ ಅರ್ಥದ್ದು.

"ಅಮ್ಮ, ಬಲಿ ಅಂದರೇನು?" ಎಂದಳು ಹುಡುಗಿ.

"ಗೊತ್ತಿಲ್ಲವೆ ನಿನಗೆ?"

"ಗೊತ್ತು. ಆದರೆ ಅವಳು ಆ ಶಾಲೆಗೇ ಹೋಗುತ್ತಾಳಲ್ಲ."

'ಅವಳು' ಎಂದರೆ ಭಾನುವಾರದ ಕನ್ನಡ ತರಗತಿಯ ಹುಡುಗಿ. ಒಂದು ವರ್ಷ ದೊಡ್ಡವಳು. ಅವಳ ತಂದೆಯ ಕೆಲಸ ಎರಡು ವರ್ಷದ ಹಿಂದೆ ಹೋಗಿತ್ತು; ಆ ಸಂಸಾರ ಮನೆಯನ್ನು ಬಿಟ್ಟು ಗೆರೆಯ ಆಚೆಯ ಬಾಡಿಗೆಯ ಕೊಠಡಿಗಳಿಗೆ ಹೋಗಿತ್ತು. ರಾಜ್ಯೋತ್ಸವದ ನಾಟಕದಲ್ಲಿ ಇಬ್ಬರು ಹುಡುಗಿಯರೂ ಒಂದೇ ಕಡೆ ಬಣ್ಣ ಹಚ್ಚಿಕೊಂಡಿದ್ದರು. ಅವಳ ತಾಯಿ ಪ್ರತಿ ಸಂಕ್ರಾಂತಿಗೂ ಈ ಮನೆಗೆ ಎಳ್ಳುಬೆಲ್ಲ ಬೀರಿ ಹೋಗುತ್ತಿದ್ದಳು.

"ನೀನು ಮೈಕಿನ ಮುಂದೆ ಹೀಗೆ ಹೇಳುವುದನ್ನು ಅವಳು ಕೇಳಿದರೆ, ಅಮ್ಮ?"

ತಾಯಿಗೆ ಕೋಪ ಬಂತು. "ಯಾರಿಗೋಸ್ಕರ ನಾನು ಇಷ್ಟು ಕಷ್ಟಪಡುತ್ತಿದ್ದೇನೆ?" ಎಂದು ಗದರಿದಳು. ಹುಡುಗಿ ಎದ್ದುಹೋದಳು. ಆದರೆ ಆ ರಾತ್ರಿ ತಾಯಿ ಮತ್ತೆ ಕಾಗದ ತೆರೆದಳು. ಆ ಒಂದು ವಾಕ್ಯವನ್ನು ಹೊಡೆದುಹಾಕಿದಳು. ಅದರ ಸ್ಥಳದಲ್ಲಿ ಇನ್ನೊಂದನ್ನು ಬರೆಯಲು ಬಹಳ ಹೊತ್ತು ಹವಣಿಸಿದಳು, ಒಂದೂ ಒಪ್ಪಿಗೆಯಾಗಲಿಲ್ಲ. ಸಭೆಯಲ್ಲಿ ಆಕೆಯ ಮಾತು ಗಂಟೆ ಬಾರಿಸುವ ಮೊದಲೇ ಮುಗಿಯಿತು. ಬಸ್ಸು, ದೂರ, ಗೆಳತಿಯರು, ಅಷ್ಟೇ. ಹೇಳಿದ್ದೆಲ್ಲ ನಿಜ. ಜನ ಚಪ್ಪಾಳೆ ತಟ್ಟಿದರು. ಹಿಂದಿರುಗುವಾಗ ಕಾರಿನಲ್ಲಿ ಆಕೆ ಗಂಡನೊಡನೆ ಮಾತನಾಡಲಿಲ್ಲ.

2019ರ ನವೆಂಬರ್ 21ರಂದು ಮಂಡಲಿ ತೀರ್ಮಾನಿಸಿತು. ಮೊದಲ ಯೋಜನೆಯ ಕೆಲವು ಭಾಗಗಳು ಉದುರಿದ್ದುವು. ಸ್ಥಳಾಂತರವಾಗುವ ಮಕ್ಕಳ ಸಂಖ್ಯೆ ಸುಮಾರು 5,400ಕ್ಕೆ ಇಳಿದಿತ್ತು. ಆ ಮಂಡಲಿಯಲ್ಲಿ ಚುನಾಯಿತರಾದ ಏಳು ಮಂದಿ ಹಿರಿಯರಲ್ಲದೆ ವಿದ್ಯಾರ್ಥಿಗಳೇ ಆರಿಸಿ ಕಳುಹಿಸಿದ ಒಬ್ಬ ವಿದ್ಯಾರ್ಥಿ ಸದಸ್ಯನೂ ಇರುತ್ತಾನೆ. ಬಹಳ ವಿಷಯಗಳಲ್ಲಿ ಅವನಿಗೂ ಮತದ ಹಕ್ಕುಂಟು. ಆದರೆ ಕಾನೂನಿನ ಪ್ರಕಾರ ಶಾಲೆಯ ಎಲ್ಲೆಗಳ ವಿಷಯದಲ್ಲಿ ಮಾತ್ರ ಇಲ್ಲ! ಯಾರ ಬದುಕಿನ ಮೇಲೆ ಗೆರೆ ಎಳೆಯುತ್ತಾರೋ ಅವರ ಕೈಗೆ ಸೀಸದ ಕಡ್ಡಿ ಸಿಗುವುದಿಲ್ಲ. ನಮ್ಮ ಮನೆಯ ಹುಡುಗಿಯ ಪಾಲಿಗನ್ನು ಆ 5,400ರೊಳಗೇ ಬಿತ್ತು.

ಮುಂದಿನದನ್ನು ಯಾವ ಮಂಡಲಿಯೂ ಯೋಜಿಸಿರಲಿಲ್ಲ. 2020ರ ಮಾರ್ಚಿಯಲ್ಲಿ ಕೊರೋನ ವ್ಯಾಧಿ ಎಲ್ಲ ಶಾಲೆಗಳ ಬಾಗಿಲನ್ನೂ ಮುಚ್ಚಿಸಿತು. ಅಜ್ಜಿ ಫೆಬ್ರವರಿಯಲ್ಲಿಯೇ ಮೈಸೂರಿಗೆ ಹೊರಟುಹೋಗಿದ್ದರು. ಸೆಪ್ಟೆಂಬರಿನಲ್ಲಿ ಹೊಸ ಎಲ್ಲೆಗಳು ಜಾರಿಗೆ ಬಂದಾಗ ಯಾವ ಮಗುವೂ ಯಾವ ಬಸ್ಸನ್ನೂ ಹತ್ತಲಿಲ್ಲ. ಎಲ್ಲರಿಗೂ ಮನೆಯಲ್ಲಿಯೇ ಗಣಕಯಂತ್ರದ ಪರದೆಯ ಮೇಲೆ ಪಾಠ. ಬಸ್ಸಿನ ದೂರವೆಷ್ಟು, ನಿದ್ರೆ ಎಷ್ಟು ನಿಮಿಷ ಕಡಮೆಯಾದೀತು ಎಂದು ಮೂರು ತಿಂಗಳು ಹೋರಾಡಿದ ಊರಿನಲ್ಲಿ ಈಗ ಎಲ್ಲ ಶಾಲೆಗಳೂ ಹಾಸಿಗೆಯಿಂದ ಮೇಜಿಗೆ ಇರುವಷ್ಟೇ ದೂರದಲ್ಲಿದ್ದುವು. ಹುಡುಗಿ ತನ್ನ ಹೊಸ ಶಾಲೆಯ ಬಾಗಿಲನ್ನೇ ಕಾಣದೆ ಅದರ ವಿದ್ಯಾರ್ಥಿನಿಯಾದಳು. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು. ಹೆಚ್ಚಿನವು ಕಪ್ಪು, ಹೆಸರು ಮಾತ್ರ. ಅವರಲ್ಲಿ ಯಾರು ಉಚಿತ ಊಟದವರು, ಯಾರು ಅಲ್ಲ ಎಂದು ಹೇಳಬಲ್ಲವರು ಯಾರು? ಊಟದ ಮಾತು ಬಂದುದರಿಂದ ಹೇಳಬೇಕು: ಮುಚ್ಚಿದ ಶಾಲೆಗಳ ಬಾಗಿಲಲ್ಲಿ ಆಗಲೂ ಮಕ್ಕಳಿಗೆ ಊಟದ ಪೊಟ್ಟಣ ಹಂಚುತ್ತಿದ್ದರು. ಶಾಲೆಯೆಂದರೆ ಅಂಕಗಳ ಪಟ್ಟಿ ಮಾತ್ರವಲ್ಲವೆಂದು ಬಹಳ ಮಂದಿಗೆ ತಿಳಿದದ್ದು ಆ ದಿನಗಳಲ್ಲಿ.

2021ರ ವಸಂತದಲ್ಲಿ, ವಾರಕ್ಕೆ ಕೆಲವೇ ದಿನ ಎಂಬಂತೆ, ಶಾಲೆಗಳು ಮೆಲ್ಲನೆ ಬಾಗಿಲು ತೆರೆದುವು. ಮೊದಲ ದಿನ ತಾಯಿ ತಾನೇ ಕಾರಿನಲ್ಲಿ ಕರೆದೊಯ್ದಳು. ಎಷ್ಟೋ ರಾತ್ರಿಗಳು ನಕ್ಷೆಯಲ್ಲಿ ಬೆರಳಿಟ್ಟು ಅಳೆದಿದ್ದ ದಾರಿ. ಕಾರಿನಲ್ಲಿ ಅದು ಒಂದು ಹಾಡು ಮುಗಿದು ಇನ್ನೊಂದು ಅರ್ಧವಾಗುವಷ್ಟರಲ್ಲಿ ಮುಗಿಯಿತು. ಬಾಗಿಲ ಬಳಿ ಮುಖಕ್ಕೆ ವಸ್ತ್ರ ಕಟ್ಟಿಕೊಂಡ ಮಕ್ಕಳು ಅಂತರ ಬಿಟ್ಟು ಸಾಲಾಗಿ ನಿಂತಿದ್ದರು. ಅವರಲ್ಲಿ ಒಬ್ಬಳು ಕೈಯೆತ್ತಿ ಬೀಸಿದಳು. ಮುಖವಸ್ತ್ರವಿದ್ದರೂ ಕಣ್ಣಿನಿಂದಲೇ ಗುರುತು ಸಿಕ್ಕಿತು. ಭಾನುವಾರದ ತರಗತಿಯ ಹುಡುಗಿ. ಇವಳು ಕಾರು ನಿಲ್ಲುವುದಕ್ಕೆ ಮೊದಲೇ ಇಳಿದು ಓಡಿದಳು. ತಾಯಿ ಹಾಗೆಯೇ ಸ್ವಲ್ಪ ಹೊತ್ತು ನಿಂತಿದ್ದಳು. ಹಿಂದಿನ ಕಾರಿನವರು ಸದ್ದು ಮಾಡಿದ ಮೇಲೆ ಹೊರಟಳು.

ಇಷ್ಟರಿಂದ ಮಂಡಲಿಯೇ ಗೆದ್ದಿತೆಂದೋ ತಂದೆತಾಯಿಗಳ ಭಯವೆಲ್ಲ ಸುಳ್ಳಾಯಿತೆಂದೋ ಹೇಳುವಂತಿಲ್ಲ. ಎದುರುಮನೆಯ ಗೆಳತಿಯ ಸ್ನೇಹ ನಿಜವಾಗಿಯೂ ಸಡಿಲವಾಯಿತು. ಬೇರೆ ಬೇರೆ ಶಾಲೆಯ ಮಕ್ಕಳಿಗೆ ಬೇರೆ ಬೇರೆ ಪರೀಕ್ಷೆ, ಬೇರೆ ಬೇರೆ ಹಬ್ಬ. ಬೆಳಗಿನ ಬಸ್ಸು ನಿಜವಾಗಿಯೂ ಬೇಗ ಬರುತ್ತಿತ್ತು. ಚಳಿಗಾಲದಲ್ಲಿ ಹುಡುಗಿ ಕತ್ತಲಲ್ಲಿ ನಿಂತು ಅದನ್ನು ಕಾಯುತ್ತಿದ್ದಳು. ಒಂದು ಗೆರೆ ಸರಿಸಿದ್ದರಿಂದ ಬಡತನವೇನೂ ಕರಗಲಿಲ್ಲ. ಆದರೆ ಭಯಪಟ್ಟಿದ್ದಷ್ಟು ಘೋರವಾದುದೂ ಯಾವುದೂ ನಡೆಯಲಿಲ್ಲ.

2023ರಲ್ಲಿ ಜೆಸಪ್ ಎಂಬಲ್ಲಿ ಆ ಕೌಂಟಿಯ ಹದಿಮೂರನೆಯ ಹೈಸ್ಕೂಲು ಗಿಲ್‌ಫರ್ಡ್ ಪಾರ್ಕ್ ಎಂಬ ಹೆಸರಿನಿಂದ ತೆರೆಯಿತು. ಹೊಸ ಶಾಲೆಯೆಂದರೆ ಹೊಸ ಗೆರೆಗಳು. ಅದಕ್ಕೂ ಮುಂಚೆಯೇ ಮತ್ತೆ ನಕ್ಷೆ ಹೊರಬಿದ್ದಿತ್ತು, ಮತ್ತೆ ಪಾಲಿಗನ್ನುಗಳ ಸಂಖ್ಯೆ ಹೊರಬಿದ್ದಿತ್ತು, ಮತ್ತೆ ಸಭೆಗಳು ನಡೆದಿದ್ದುವು. ಈ ಸಲ ಮನೆಯ ಮಗನ ಸರದಿ ಬಂದೀತೆಂದು ತಾಯಿ ಎಲ್ಲರಿಗಿಂತ ಮೊದಲು ನಕ್ಷೆಯನ್ನು ತೆರೆದಳು. ತಮ್ಮ ಬೀದಿಯ ಮೇಲೆ ಯಾವ ಗೆರೆಯೂ ಹಾಯ್ದಿರಲಿಲ್ಲ. ಆಕೆ ನಿಟ್ಟುಸಿರು ಬಿಟ್ಟಳು. ಬಿಟ್ಟದ್ದಕ್ಕೆ ತಾನೇ ಸ್ವಲ್ಪ ನಾಚಿಕೊಂಡಳು. ಮನುಷ್ಯರು ಒಂದು ಪಾಠವನ್ನು ಪೂರ್ತಿ ಕಲಿಯುವುದು ಅಪರೂಪ. ಅರ್ಧ ಕಲಿತರೂ ಲಾಭವೇ.

ಮಗಳು ಹೊಸ ಶಾಲೆಗೆ ಹೋದ ಮೊದಲ ವಾರ ಮೈಸೂರಿನಿಂದ ಅಜ್ಜಿಯ ಫೋನು ಬಂದಿತ್ತು. ಅವರು ಅಂಕಗಳ ಮಾತೆತ್ತಲಿಲ್ಲ, ಪಾಲಿಗನ್ನಿನ ಮಾತನ್ನೂ ಎತ್ತಲಿಲ್ಲ.

"ಮೇಷ್ಟರು ಹೇಗಿದ್ದಾರೆ, ಪುಟ್ಟಿ?" ಎಂದು ಕೇಳಿದರು.

"ಇಬ್ಬರು ಚೆನ್ನಾಗಿ ಪಾಠ ಹೇಳುತ್ತಾರೆ, ಅಜ್ಜಿ. ಒಬ್ಬರು ಬರೀ ಗದರುತ್ತಾರೆ. ಇನ್ನೊಬ್ಬರು ಹೇಳುವುದು ಯಾರಿಗೂ ತಿಳಿಯುವುದಿಲ್ಲ."

ಅಜ್ಜಿ ನಕ್ಕರು.

"ಹಾಗಾದರೆ ಸರಿ. ಶಾಲೆ ಅಂದರೆ ಹಾಗೇ ಇರುವುದು," ಎಂದರು.